ಹತ್ತು ಲಕ್ಷದ ಒಂದು

೨೧ ನವೆಂಬರ್, ಶುಕ್ರವಾರ

10,00,001. ಈ ದರಿದ್ರ ಸಂಖ್ಯೆ ತಿಕೋಟಾದ ಶಾಲೆಯಿಂದ ಬಸ್ಸು ಹತ್ತಿ ಮನೆಯವರೆಗೂ ನನ್ನ ಜೊತೆಗೇ ಬಂತು.

ಪರೀಕ್ಷೆಯಲ್ಲಿ ‘ಇದು ಅವಿಭಾಜ್ಯ ಸಂಖ್ಯೆಯೇ?’ ಎಂದು ಕೇಳಿದ್ದೆ. ಹೌದು ಎಂದೇ ನಂಬಿದ್ದೆ. ಎಂಟನೆಯ ತರಗತಿಯ ಲಲಿತಾ ಅಲ್ಲ ಎಂದು ಬರೆದಿದ್ದಳು, ಸೊನ್ನೆ ಕೊಟ್ಟೆ. ಇವತ್ತು ಅವಳು ಉತ್ತರಪತ್ರಿಕೆ ಹಿಡಿದು ಬಂದಾಗ ಎಲ್ಲರೆದುರು ಗದರಿದೆ: “ಯಾರ್ದ ನೋಡಿ ಬರ್ದಿ?”

ಅವಳು ಬೋರ್ಡಿನ ಮೇಲೆ 101 × 9,901 ಎಂದು ಬರೆದಳು. ನೂರು ಸಲಕ್ಕೆ 9,90,100. ಇನ್ನೊಂದು ಸಲ ಕೂಡಿಸಿದರೆ ಸರಿಯಾಗಿ ಹತ್ತು ಲಕ್ಷದ ಒಂದು. ಸೀಮೆಸುಣ್ಣ ಕೆಳಗಿಟ್ಟು ನನ್ನ ಕಡೆ ತಿರುಗಿದಳು.

“ಸಾವಿರದ ತನಕಾ ಭಾಗಿಸಿ ನೋಡಬೇಕಂತ ನೀವ ಹೇಳಿದ್ರಲ್ರಿ ಸರ್. ನೋಡೀನ್ರಿ.”

ಹೇಳಿದ ನಾನೇ ನೋಡಿರಲಿಲ್ಲ! ಎರಡಂಕಿಯ ಅವಿಭಾಜ್ಯಗಳು ಮುಗಿದವೆಂದು 97ಕ್ಕೇ ಬೇಸತ್ತು ನಿಲ್ಲಿಸಿದ್ದೆ. ಅದರ ಮುಂದಿನದೇ 101. ಒಂದೇ ಒಂದು ಹೆಜ್ಜೆ. ಮೈಗಳ್ಳ!

ಸ್ಟಾಫ್‌ರೂಮಿನಲ್ಲಿ ವಿಜ್ಞಾನದ ಸುಶೀಲೇಂದ್ರ ನಕ್ಕ: “ಒಂದ ಮಾರ್ಕಿಗೆ ಯಾಕ ತಲಿ ಕೆಡಿಸ್ಕೋತೀರಿ, ಬಿಡ್ರಿ.” ಅವನ ಕಪಾಳಕ್ಕೆ ಬಿಗಿಯಬೇಕೆನಿಸಿತು. ಅವನದೇನು ತಪ್ಪು?

ಗದರಿದ್ದು ನಲವತ್ತು ಮಕ್ಕಳೆದುರು. ಮಾರ್ಕು ತಿದ್ದಿದ್ದು ಮಾತ್ರ ಸುಶೀಲೇಂದ್ರ ಎದ್ದು ಹೋದ ಮೇಲೆ, ಬಾಗಿಲು ಮುಂದೆ ಮಾಡಿಕೊಂಡು.