ಗಾಳಿ ನಿಂತ ಹತ್ತು ನಿಮಿಷ

ಮಾರ್ಚ್ 4, ಬೆಳಿಗ್ಗೆ 7.10

ಗೌನು, ಮಾಸ್ಕು, ಗ್ಲೌಸು. ಸುಟ್ಟಗಾಯದ ವಾರ್ಡು, ಮೂರನೆಯ ಕೋಣೆ. ನಮ್ಮವರು ಮರಳು ಹಾಸಿಗೆಯಲ್ಲಿ ಹನ್ನೆರಡನೆಯ ದಿನ. ಹೆಸರಿಗಷ್ಟೇ ಮರಳು, ಒಳಗಿರುವುದು ರವೆಗಿಂತ ಸಣ್ಣ ಗಾಜಿನ ಮಣಿ. ತೊಟ್ಟಿ ತುಂಬ ಮಣಿ, ಅಡಿಯಿಂದ ಗಾಳಿ, ಮೇಲೊಂದು ಸಡಿಲ ಬಟ್ಟೆ. ಕುದಿಯುವ ಹಾಲಿನ ಹಾಗೆ ಗುಳುಗುಳು. ಬಾಯ್ಲರ್ ಸಿಡಿದು ಬೆನ್ನಿಡೀ ಬೆಂದಿದೆ, ಬೇರೆ ಹಾಸಿಗೆ ತಾಗಿಸುವಂತಿಲ್ಲ. ಅಂಚಿಗೆ ನಾನು ಕೈಯಿಟ್ಟರೂ ಅಲೆ ಎದ್ದು ಇವರಿಗೆ ನೋವು. ಹಾಗಾಗಿ ನನ್ನ ಕುರ್ಚಿ ಎರಡು ಹೆಜ್ಜೆ ದೂರ.

"ತೇಲ್ತಾ ಇದೀನಿ ಕಣೇ," ಅಂದರು. "ಟಿಕೆಟ್ಟೇ ಇಲ್ದೆ."

ನಗಬೇಕೋ ಅಳಬೇಕೋ...

ಮಾರ್ಚ್ 5

ಮಧ್ಯಾಹ್ನ ಊಟಕ್ಕೆ ಕೂರಿಸುವಾಗ ಸಿಸ್ಟರ್ ಗಾಳಿ ನಿಲ್ಲಿಸುತ್ತಾರೆ. ಮಣಿ ಗಟ್ಟಿಯಾದರೆ ಅಲೆಯಿಲ್ಲ, ಹತ್ತಿರ ಹೋಗಬಹುದು. ಆ ಹತ್ತು ನಿಮಿಷಕ್ಕೇ ದಿನವಿಡೀ ಕಾಯುವುದು.

ನನ್ನದು ಟೈಲರ್ ಕಣ್ಣು, ಸುಮ್ಮನಿರದು. ಸ್ವಿಚ್ ಆರಿಸಿದರು. ಗುಳ್ಳೆಗಳು ಬುಸ್ಸೆಂದು ಹೋಗಿ ಬಟ್ಟೆ ಥಟ್ಟನೆ ಕುಸಿಯಿತು. ಆಮೇಲೆ ನಿಧಾನ, ಒಂದೇ ಸಮ ಇಳಿಯಿತು — ಆರು ಎಣಿಸಿದೆ. ಕೊನೆಗೊಂದು ಸಣ್ಣ ಜಗ್ಗು, ನಿಂತಿತು. ಅಚ್ಚಿನಲ್ಲಿ ಕೂತ ಹಾಗೆ ಇವರು.

ಎಡಗಿವಿಗೆ ಬ್ಯಾಂಡೇಜಿಲ್ಲ. ಮುಟ್ಟಿದೆ, ಗ್ಲೌಸಿನ ಬೆರಳಲ್ಲಿ.

"ಇನ್ನೊಂದ್ಸಲ."

ಸಿಸ್ಟರ್ ಗಡಿಯಾರ ನೋಡಿದರು.

ಮಾರ್ಚ್ 6

ಹಾಸಿಗೆ ನೋಡಿಕೊಳ್ಳುವ ಮೆಕ್ಯಾನಿಕ್ಕನ್ನು ಕೇಳಿದೆ, ಒಮ್ಮೆಲೇ ಯಾಕೆ ಇಳಿಯುವುದಿಲ್ಲ ಎಂದು.

"ಮೇಲಿಂದ ಗುಳ್ಳೆ ಓಡಿಹೋಗತ್ತೆ ಅಕ್ಕ. ಮಣಿ ಸಂದಿಯಲ್ಲಿರೋ ಗಾಳಿ ಪಾಪ, ದಾರಿ ಹುಡುಕ್ಕೊಂಡು ಮೆಲ್ಲಗೆ ಬರಬೇಕು. ಅದು ಇರೋವರೆಗೂ ಮಣಿಗಳು ಒಂದಕ್ಕೊಂದು ಪೂರ್ತಿ ತಾಗಲ್ಲ."

ಎರಡು ಹೆಜ್ಜೆ ದೂರದ ಕುರ್ಚಿಗೆ ಬಂದು ಕೂತೆ.

ಮಾರ್ಚ್ 9, ಸಂಜೆ

ಇವತ್ತು ಸರಿಯಾಗಿ ಇಳಿಯಲಿಲ್ಲ. ಕಾಲಿನ ಕಡೆ ಸರ್ರೆಂದು ಕುಸಿದು, ಸೊಂಟದ ಹತ್ತಿರ ಉಬ್ಬು ಹಾಗೇ ನಿಂತಿತು. ಸಿಸ್ಟರಿಗೆ ಹೇಳಿದೆ.

"ನಿಮಗೆ ಹಾಗನ್ಸತ್ತೆ, ಅಷ್ಟೆ."

ಬಿಡಲಿಲ್ಲ. ಮೆಕ್ಯಾನಿಕ್ಕನ್ನು ಕೈಹಿಡಿದೇ ಎಳೆತಂದೆ. ಅಂಚು ಬಿಚ್ಚಿ ಕೈ ಹಾಕಿದರೆ ಒದ್ದೆ ಗಂಟುಗಳು! ಬಟ್ಟೆ ಹರಿದು ಗಾಯದ ನೀರು ಒಳಗಿಳಿದಿದೆ. ಗಾಳಿ ಗಂಟು ಬಿಟ್ಟು ಪಕ್ಕದಿಂದ ನುಸುಳುತ್ತಿದೆ.

"ಇನ್ನೆರಡು ದಿನ ಹೋಗಿದ್ರೆ ಬೆನ್ನಡಿ ಕಲ್ಲೇ, ಅಕ್ಕ."

ಆರು ಜನ ಎತ್ತಿ ಇನ್ನೊಂದು ಮರಳು ಹಾಸಿಗೆಗೆ ಸಾಗಿಸಿದರು. ಕೂಗಿಕೊಂಡರು ಇವರು... ಕಾರಿಡಾರಿನಲ್ಲಿ ಕಿವಿ ಮುಚ್ಚಿಕೊಂಡೆ. ಹೇಳಿದವಳೂ ನಾನೇ, ಕೂಗಿಸಿದವಳೂ ನಾನೇ.

ಒಳಗೆ ಹೋದಾಗ ಹಾಸಿಗೆ ಖಾಲಿ. ಗಟ್ಟಿ ಮಣಿಯಲ್ಲಿ ಇವರದೇ ಗುಳಿ — ತಲೆ, ಭುಜ, ಹಿಮ್ಮಡಿ. ಬಲಭುಜ ಎಂದಿನಂತೆ ಒಂಚೂರು ಕೆಳಗೆ. ಆ ಭುಜಕ್ಕೆ ಹದಿನೇಳು ವರ್ಷ ಅಂಗಿ ಹೊಲಿದಿದ್ದೇನೆ. ಆ ಗುಳಿಯಲ್ಲಿ ಕೈ ಇಟ್ಟುಕೊಂಡು ನಿಂತೆ.

"ಅಕ್ಕ, ಗಾಳಿ ಬಿಡ್ಬೇಕು. ಗಂಟೆಲ್ಲಾ ತಳದ ಜಾಲರಿಗೆ ಇಳೀಬೇಕು."

"ಒಂದ್ನಿಮಿಷ ಅಣ್ಣ."

ಬೇರೆ ಕಡೆ ತಿರುಗಿ ಸ್ಪ್ಯಾನರ್ ಒರೆಸಿಕೊಂಡ. ಒಳ್ಳೆಯವನು. ಆಮೇಲೆ ಗಾಳಿ ಬಿಟ್ಟ. ಮೊದಲು ಭುಜ ಹೋಯಿತು.

ಮಾರ್ಚ್ 22

ಇಷ್ಟು ದಿನ ಏನೂ ಬರೆದಿಲ್ಲ. ಹನ್ನೊಂದನೇ ತಾರೀಕು ತೊಡೆಯ ಚರ್ಮ ತೆಗೆದು ಬೆನ್ನಿಗೆ ಹಾಕಿದರು. ಸೋಂಕಿನ ಭಯ, ನನಗೆ ಒಳಗೆ ಪ್ರವೇಶವಿಲ್ಲ. ಗಾಜಿನಾಚೆ ನಿಂತು ನೋಡುವುದು, ಮನೆಗೆ ಹೋಗುವುದು. ಮಂಚದಲ್ಲಿ ಇನ್ನೂ ನನ್ನ ಅರ್ಧದಲ್ಲೇ ಮಲಗುತ್ತೇನೆ.

ಇವತ್ತು ಡಾಕ್ಟರು: "ಚರ್ಮ ಹಿಡಿದಿದೆಯಮ್ಮ. ಆ ಗಂಟುಗಳ ಮೇಲೆ ಇದ್ದಿದ್ರೆ ಹಿಡೀತಿರಲಿಲ್ಲ."

ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಏಪ್ರಿಲ್ 6, ಮಧ್ಯಾಹ್ನ

ಮಾಮೂಲಿ ವಾರ್ಡು, ಮಾಮೂಲಿ ಮಂಚ. ಗೌನಿಲ್ಲ. ನನ್ನ ಕುರ್ಚಿ ಮಂಚಕ್ಕೆ ತಾಗಿಕೊಂಡೇ ಇದೆ. ಬೆಳಿಗ್ಗೆಯಿಂದ ಗೊಣಗಾಟ — ದಿಂಬು ಎತ್ತರ, ಕಾಫಿ ತಣ್ಣಗೆ, ನಾನು ಬಾಚಿದ್ದು ಸೊಟ್ಟ ಬೈತಲೆ. ಈ ಗೊಣಗು ಕೇಳದೆ ಎಷ್ಟು ದಿನವಾಗಿತ್ತು! ಈಗ ಇನ್ನೊಂದು ಶುರು: "ಪಕ್ಕದಲ್ಲೇ ಕೂತ್ಕೊಂಡು ಅದೇನ್ ಬರೀತೀಯೇ? ಪೆನ್ ಇಡು, ಕೈ ಕೊಡಿಲ್ಲಿ."

ಒಂದು ಸಾಲು ರೀ, ಅಂದೆ. ಕೇಳಬೇಕಲ್ಲ... ಪೆನ್ನಿಗೇ ಕೈ ಹಾ