ಅಮೃತಮ್ಮನ ನಾಲ್ಕು ಅಂಕಿಗಳು

ಜೂನ್ 20, ಶುಕ್ರವಾರ

ಇವತ್ತು ಆ ಹುಡುಗಿಯ ಮೇಲೆ ನಾನು ರೇಗಬಾರದಿತ್ತು. ಡಿಗ್ರಿ ಕಾಲೇಜಿನ ಅರ್ಜಿಗೆ ಸಂಜೆ ಐದೂವರೆಯೇ ಗಡುವು. ಜಯಮಾಲಾ ತಿಪ್ಪಸಂದ್ರದ ನನ್ನ ಸೈಬರ್ ಅಂಗಡಿಗೆ ಬಂದದ್ದು ಐದು ಇಪ್ಪತ್ತಕ್ಕೆ. ಸಾಲದ್ದಕ್ಕೆ, ಓಟಿಪಿ ಹೋಗುವ ಫೋನು ದೊಮ್ಮಲೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ ಅವಳ ಅವ್ವನ ಹತ್ತಿರ.

“ಅಮ್ಮಂಗೆ ಓದೋಕೆ ಬರುತ್ತಾ?”

“ಇಲ್ರೀ ಮೇಡಂ.”

“ಮುಗೀತು ಬಿಡು. ಇಷ್ಟು ದಿನ ಏನ್ ಮಾಡ್ತಿದ್ದೆ?”

ಅವಳು ಅಂಗಡಿಯ ಫೋನಿನಿಂದ ಅವ್ವನಿಗೆ ಕರೆ ಹಚ್ಚಿ ಸ್ಪೀಕರ್ ಹಾಕಿದಳು. “ಮೆಸೇಜ್ ಬಂದೈತಿ, ನೋಡಿ ಹೇಳವ್ವಾ.”

ಕಾಂಕ್ರೀಟ್ ಯಂತ್ರದ ಗದ್ದಲದ ನಡುವೆ ಅಮೃತಮ್ಮನ ದನಿ ಸಾವಧಾನವಾಗಿ ಬಂತು. “ಮೊದಲ ಕುಡುಗೋಲು. ಆಮ್ಯಾಲ ಬಳಿ. ರೊಟ್ಟಿ ಮ್ಯಾಲ ರೊಟ್ಟಿ. ಕಡೀಕ ತಲೀ ಮ್ಯಾಲ ಬುಟ್ಟಿ ಹೊತ್ತ ಹೆಂಗಸು.”

ಮಗಳು ತಡವರಿಸದೆ 7089 ಒತ್ತಿದಳು. ಐದು ಇಪ್ಪತ್ತೆಂಟಕ್ಕೆ ಅರ್ಜಿ ಹೋಯಿತು.

“ಬಸ್ ನಂಬರೂ ಅವ್ವ ಹಿಂಗ ಓದ್ತಾಳ್ರೀ,” ಎಂದಳು.

ಹದಿನೈದು ವರ್ಷಗಳಿಂದ ಈ ಅಂಕಿಗಳನ್ನೇ ಕುಟ್ಟುತ್ತಿದ್ದೇನೆ, ಒಂದನ್ನೂ ಸರಿಯಾಗಿ ನೋಡಿರಲಿಲ್ಲ. ಈಗ ಬರೆಯುತ್ತಾ ಗೋಡೆಯ ಗಡಿಯಾರದತ್ತ ಕಣ್ಣು ಹೋಯಿತು. ಒಂಬತ್ತರ ಜಾಗದಲ್ಲಿ ಆ ಹೆಂಗಸೇ ನಿಂತಿದ್ದಾಳೆ, ಬುಟ್ಟಿ ಇನ್ನೂ ಇಳಿಸಿಲ್ಲ.