ಗೋಣಿತಟ್ಟಿನ ಅರಮನೆ

ಯಶವಂತಪುರ,
೨೮-೧೨-೧೯೬೩, ಶನಿವಾರ

ನನ್ನ ಬಂಗಾರ ಪಿಳ್ಳಪ್ಪನಿಗೆ ಅಮ್ಮ ಇಲ್ಲಿಂದಲೇ ತಲೆ ನೇವರಿಸಿ ಬರೆಯುವುದು,

ಹೇಗಿದ್ದೀಯಪ್ಪಾ? ಆ ಮದ್ರಾಸಿನ ಉಪ್ಪುನೀರಿಗೆ ಕೂದಲು ಉದುರುತ್ತಿದೆ ಎಂದು ಬರೆದಿದ್ದೆ. ನಾನು ಕಳಿಸಿದ ಹರಳೆಣ್ಣೆ ಹಚ್ಚಿಕೊಂಡೆಯಾ, ಇಲ್ಲ ರೂಮಿನವರಿಗೆಲ್ಲ ಹಂಚಿ ಕೈ ತೊಳೆದುಕೊಂಡೆಯಾ? ನಿನ್ನ ಗುಣ ನನಗೆ ಗೊತ್ತಿಲ್ಲವೇ. ಪ್ಲಾಸ್ಟರ್ ಕಲಸಿ ಕಲಸಿ ಬೆರಳ ಸಂದಿ ಬಿರಿದಿದೆ ಎಂದೂ ಬರೆದಿದ್ದೀಯ. ಅದಕ್ಕೆ ಬೆಣ್ಣೆ ಸವರು, ಸೋಮಾರಿತನ ಮಾಡಬೇಡ. ಅನ್ನ ಉಂಡು ಉಂಡು ಹೊಟ್ಟೆ ತುಂಬುವುದಿಲ್ಲವೆಂದರೆ ಹೇಳು, ಆ ಕಡೆ ಹೋಗುವವರು ಯಾರಾದರೂ ಸಿಕ್ಕರೆ ರಾಗಿ ಹಿಟ್ಟು ಕಳಿಸುತ್ತೇನೆ. ನಾನು ಚೆನ್ನಾಗಿದ್ದೇನೆ. ನಿಮ್ಮಪ್ಪ ಗೂಡ್ಸ್ ಶೆಡ್ಡಿಗೆ ಹೋಗಿಬಂದು ಮಾಡುತ್ತಿದ್ದಾರೆ. ಮೈ ಸ್ವಲ್ಪ ಇಳಿದಿದೆ, ಬಾಯಿ ಮಾತ್ರ ಇಳಿದಿಲ್ಲ.

ಈಗ ಸುದ್ದಿ ಹೇಳುತ್ತೇನೆ, ಕೂತುಕೊಂಡು ಓದು. ಹೋದ ಭಾನುವಾರ ನಿನ್ನ ತಾಯಿ ಸಿಂಹಾಸನದ ಮೇಲೆ ಕೂತಿದ್ದಳು. ಹುಡುಗಾಟವಲ್ಲ. ಹೆಬ್ಬಾಳದ ಕೆರೆ ದಾಟಿದರೆ ಬಳ್ಳಾರಿ ರಸ್ತೆಯ ಪಕ್ಕ ಬಯಲಿದೆಯಲ್ಲ, ಅಲ್ಲಿ ನಿಮ್ಮ ಮದ್ರಾಸಿನ ಯಾವುದೋ ಕಂಪನಿಯವರು ಒಂದು ರಾಜಧಾನಿಯನ್ನೇ ಕಟ್ಟಿ ಪಿಚ್ಚರ್ ತೆಗೆದರಂತೆ. ಅವರ ಕೆಲಸ ಮುಗಿದ ಮೇಲೆ ಒಬ್ಬ ಕಂಟ್ರಾಕ್ಟರು ಅದನ್ನು ಬಾಡಿಗೆಗೆ ಹಿಡಿದು, ಸುತ್ತ ಬೇಲಿ ಕಟ್ಟಿಸಿ, ಒಳಗೆ ದೊಡ್ಡ ರಾಟೆ ತೊಟ್ಟಿಲು, ಫೋಟೋ ಅಂಗಡಿ, ಪುರಿ ಬತ್ತಾಸಿನ ಅಂಗಡಿ ಎಲ್ಲ ಇಡಿಸಿ, ‘ಸಿನಿಮಾ ನಗರಿ’ ಎಂದು ಬೋರ್ಡು ಬರೆಸಿ ಜನಕ್ಕೆ ಟಿಕೀಟು ಕೊಡುತ್ತಿದ್ದಾನೆ. ಸಂಕ್ರಾಂತಿಯವರೆಗೆ ಮಾತ್ರ. ಸಂಕ್ರಾಂತಿಯ ಮಾರನೆಯ ದಿನ ಎಲ್ಲವನ್ನೂ ಬಿಚ್ಚಿ ಲಾರಿಗೆ ತುಂಬುತ್ತಾರಂತೆ. ಆ ಅರಮನೆಯಲ್ಲಿ ರಾಣಿಯಾಗಿ ನಟಿಸಿದವಳು ಯಾರು ಗೊತ್ತೇ? ಹೆಸರು ಬರೆಯುವುದೇ ಬೇಡ. ನಮ್ಮ ಅಕ್ಕಿ ಡಬ್ಬದ ಮುಚ್ಚಳದ ಒಳಗಡೆ ನಾನು ಯಾರ ಪಟ ಅಂಟಿಸಿಕೊಂಡಿದ್ದೇನೋ ಅವಳೇ. ಹನ್ನೊಂದು ವರ್ಷದಿಂದ ಅವಳ ಒಂದು ಪಿಚ್ಚರನ್ನೂ ಬಿಡದೆ ನೋಡಿದವಳು, ಅವಳು ನಡೆದಾಡಿದ ನೆಲ ಮೂರು ಮೈಲಿ ದೂರದಲ್ಲಿರುವಾಗ ಮನೆಯಲ್ಲಿ ಮುದ್ದೆ ತಿರುವುತ್ತಾ ಕೂರಲು ಆಗುತ್ತದೆಯೇ? ಸುದ್ದಿ ಬಂದ ದಿನದಿಂದ ನನ್ನ ಸಾರಿಗೆ ಉಪ್ಪು ಬಿದ್ದಿದ್ದು ಅಷ್ಟಕ್ಕಷ್ಟೆ.

ಪಕ್ಕದ ಮನೆಯ ಫಖ್ರುನ್ನೀಸಾ ನನಗಿಂತ ಒಂದು ಕೈ ಮೇಲು, ನಿನಗೆ ಗೊತ್ತಲ್ಲ. ಅವಳ ಗಂಡ ರಹಮತುಲ್ಲಾ ಸಾಹೇಬರು ತಮ್ಮ ಜಟಕಾದಲ್ಲೇ ಕರೆದುಕೊಂಡು ಹೋಗುತ್ತೇನೆಂದು ಒಪ್ಪಿಕೊಂಡರು. ಇನ್ನು ಉಳಿದಿದ್ದು ನಿಮ್ಮಪ್ಪ. ಹುಟ್ಟಿದಾಗಿನಿಂದ ಒಂದು ಸಲವೂ ಟಾಕೀಸಿನ ಬಾಗಿಲು ತುಳಿದವರಲ್ಲ. ಸಿನಿಮಾ ಎಂದರೆ ಮನೆಹಾಳು ಎನ್ನುವವರು. ನಾನು ಬೈಸಿಕೊಳ್ಳಲು ತಯಾರಾಗಿಯೇ ಕೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ, “ಅದು ಮದ್ರಾಸ್ನೋರು ಕಟ್ಟಿರೋದಂತಲ್ಲ?” ಎಂದರು. ಹೌದೆಂದೆ. ಸ್ವಲ್ಪ ಹೊತ್ತು ಅಗಿದು, “ಎಂಗಸ್ರನ್ನ ಅಷ್ಟು ಜನದಾಗೆ ಒಬ್ಬೊಬ್ರೇ ಕಳ್ಸಕಾಗಲ್ಲ, ನಾನೂ ಬತ್ತೀನಿ” ಎಂದರು. ನಾನು ಒಲೆಯ ಮುಂದೆ ಕೂತಿದ್ದವಳು ಅಲ್ಲೇ ಕಲ್ಲಾದೆ. ದಸರೆಗೆ ಕೊಂಡ ಹೊಸ ಮೆಟ್ಟು ಮೆಟ್ಟಿಕೊಂಡು, ಒಗೆದ ಪಂಚೆ ಉಟ್ಟು, ಮದುವೆಗೆ ಹೊರಟವರ ಹಾಗೆ ನಮಗಿಂತ ಮುಂಚೆ ಜಟಕಾ ಹತ್ತಿ ಕೂತರು ನೋಡು.

ಮತ್ತೀಕೆರೆ ದಾಟಿ ಕೆರೆ ಏರಿಯ ಮೇಲೆ ಬಂದ ಕೂಡಲೇ ದೂರದಿಂದ ಗೋಪುರ ಕಾಣಿಸಿತು. ನಾನು ಫಖ್ರುನ್ನೀಸಾಳ ಕೈ ಎಷ್ಟು ಬಿಗಿಯಾಗಿ ಹಿಡಿದೆನೆಂದರೆ ಅವಳ ಎರಡು ಬಳೆ ಒಡೆದವು. ಏನು ಹೇಳಲಿ ಮಗನೇ, ಆನೆ ಹೋಗುವಂಥ ಹೆಬ್ಬಾಗಿಲು, ಎರಡು ಕಡೆ ಸಿಂಹ, ಒಳಗೆ ಹೂವಿನ ತೋಟ, ತೋಟದ ನಡುವೆ ತಾವರೆ ಕೊಳ, ಕೊಳದ ಆಚೆ ಮೂರು ಅಂತಸ್ತಿನ ಅರಮನೆ. ಕಲ್ಲಿನ ಕಂಬಗಳನ್ನು ನೋಡಿ ನಿಮ್ಮಪ್ಪ, “ಇಷ್ಟು ಕಲ್ಲು ಎಲ್ಲಿಂದ ಒಡ್ಸುದ್ರೋ” ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ನನಗೆ ನಿನ್ನ ಕಾಗದ ನೆನಪಾಯಿತು. ನೀನೇ ಬರೆದಿದ್ದೆಯಲ್ಲ, ಅಮ್ಮ, ನೀನು ಪರದೆಯ ಮೇಲೆ ನೋಡುವ ಕಲ್ಲು ಕಲ್ಲಲ್ಲ, ಬಿದಿರು ಗಳ ಕಟ್ಟಿ ಗೋಣಿತಟ್ಟು ಹೊದಿಸಿ ಅದರ ಮೇಲೆ ನಾವು ಪ್ಲಾಸ್ಟರ್ ಬಳಿಯುತ್ತೇವೆ, ಬೆರಳಲ್ಲಿ ತಟ್ಟಿದರೆ ಗೊತ್ತಾಗುತ್ತದೆ ಎಂದು. ಯಾರೂ ನೋಡದ ಹಾಗೆ ತಟ್ಟಿದೆ. ಒಣಗಿದ ಸೋರೆ ಬುರುಡೆ ತಟ್ಟಿದ ಹಾಗಾಯಿತು. ನನಗೆ ಬೇಸರವಾಗಲಿಲ್ಲ ಕಣೋ. ಇಂಥ ಕೆಲಸ ನನ್ನ ಮಗನೂ ಮಾಡುತ್ತಾನೆ ಎಂದು ಎದೆಯುಬ್ಬಿ ಬಂತು. ನಿಮ್ಮಪ್ಪನಿಗೆ ಮಾತ್ರ ಹೇಳಲಿಲ್ಲ. ನಿನ್ನ ಕಾಗದಗಳನ್ನು ತಮ್ಮ ಮುಂದೆ ಓದಕೂಡದೆಂದು ಅವರೇ ಅಪ್ಪಣೆ ಕೊಡಿಸಿದ್ದಾರಲ್ಲ, ಗೊತ್ತಾಗದಿದ್ದರೆ ನಾನೇನು ಮಾಡಲಿ. ಅವರು ಆಗಲೇ ಬಾಗಿಲ ಕಾವಲಿನವನ ಹತ್ತಿರ ಹೋಗಿ, “ಮದ್ರಾಸ್ನೋರು ಯಾರಾನ ಇನ್ನೂ ಇಲ್ಲೇ ಅವ್ರೇನಪ್ಪಾ?” ಎಂದು ವಿಚಾರಿಸುತ್ತಿದ್ದರು. ಎಲ್ಲರೂ ಹೋದರು, ಬಿಚ್ಚುವಾಗ ಬರುತ್ತಾರೆ ಎಂದನಂತೆ. ತಿರುಗಿ ಬಂದರು.

ಆಮೇಲೆ ಮಳೆ ಗುಡುಗು ತೋರಿಸುವ ಜಾಗಕ್ಕೆ ಹೋದೆವು. ತೂತು ಕೊರೆದ ಕೊಳವೆಯಲ್ಲಿ ಮಳೆ, ಮರೆಯಲ್ಲಿ ನಿಂತು ಒಬ್ಬ ಉದ್ದನೆಯ ತಗಡು ಅಲ್ಲಾಡಿಸಿದರೆ ಗುಡುಗು. ನಿಮ್ಮಪ್ಪ ಬಿರುಬಿಸಿಲಲ್ಲಿ ಆಕಾಶ ನೋಡಿ, “ಮಳೆ ಬತ್ತದೆ, ನಡೀರಿ ನಡೀರಿ” ಎಂದು ನಮ್ಮನ್ನು ಎಬ್ಬಿಸಿದರು. ಸುತ್ತಲಿದ್ದವರೆಲ್ಲ ನಕ್ಕರು. ನಾನೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ರಾಟೆ ತೊಟ್ಟಿಲಿಗೆ ಅವರು ಬರಲಿಲ್ಲ, ಬುತ್ತಿ ಗಂಟು ಕಾಯುತ್ತಾ ಕೆಳಗೆ ನಿಂತರು. ಮೇಲೆ ಹೋದಾಗ ಕೆರೆ, ತೋಪು, ನಮ್ಮ ಕಡೆಯ ರೈಲಿನ ಹೊಗೆ ಎಲ್ಲ ಕಂಡಿತು. ಫಖ್ರುನ್ನೀಸಾ ಕಣ್ಣು ಮುಚ್ಚಿಕೊಂಡು ಇರುವ ಪೀರರನ್ನೆಲ್ಲ ಕರೆದಳು. ಇಳಿದ ಮೇಲೆ, ಇನ್ನೊಂದು ಸಲ ಹೋಗೋಣ ಎಂದವಳೂ ಅವಳೇ.

ಸಿಂಹಾಸನದ ವಿಷಯಕ್ಕೆ ಬರುತ್ತೇನೆ. ದರ್ಬಾರಿನೊಳಗೆ ಫೋಟೋ ಅಂಗಡಿ. ರಾಣಿ ಕೂತಿದ್ದ ಅದೇ ಸಿಂಹಾಸನ, ಅವಳು ತೊಟ್ಟಂಥದೇ ರಟ್ಟಿನ ಕಿರೀಟ, ಗಾಜಿನ ಸರ. ನನಗೆ ಬಾಯಲ್ಲಿ ನೀರು. ಫಖ್ರುನ್ನೀಸಾ, “ಕೂತ್ಕೋ ಅಕ್ಕಾ, ಇಬ್ರೂ ರಾಣಿ ಆಗಿಬಿಟ್ರೆ ಚಾಮರ ಬೀಸೋರು ಯಾರು, ನಾನೇ ಬೀಸ್ತೀನಿ” ಎಂದು ನನ್ನನ್ನು ನೂಕಿ, ಬುರ್ಖಾದ ಮುಸುಕು ಮೇಲೆತ್ತಿ ಪಕ್ಕದಲ್ಲಿ ಸಖಿಯ ಹಾಗೆ ನಿಂತಳು. ಸಿಂಹಾಸನದ ಒಂದು ಕಾಲು ಕುಂಟು, ಅತ್ತಿತ್ತ ಆಡಿದರೆ ಬೀಳುತ್ತೇನೆಂದು ಉಸಿರು ಹಿಡಿದುಕೊಂಡಿದ್ದೆ. ಅದಕ್ಕೇ ಫೋಟೋದಲ್ಲಿ ನನ್ನ ಮುಖ ಶತ್ರುಸೈನ್ಯ ನೋಡಿದ ಹಾಗೆ ಬಂದಿರುತ್ತದೆ. ಎಂಟು ದಿನಕ್ಕೆ ಕೊಡುತ್ತಾನೆ, ನಿನಗೂ ಒಂದು ಪ್ರತಿ ಇಡುತ್ತೇನೆ. ಕಿರೀಟ ತೆಗೆದು ಕೊಡುವಾಗ ನನಗೆ ಅಳು ಬಂದಿತ್ತು, ನಿಜ ಹೇಳುತ್ತೇನೆ. ಐವತ್ತು ಹತ್ತಿರಕ್ಕೆ ಬಂದಿದೆ, ಅಳುತ್ತಾಳಲ್ಲ ಎನ್ನಬೇಡ.

ಅಷ್ಟರಲ್ಲಿ ನಿಮ್ಮಪ್ಪ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಅರಮನೆಯ ಹಿಂದುಗಡೆ ಒಂದು ದೇವಿಯ ಗುಡಿ. ಪಿಚ್ಚರಿನಲ್ಲಿ ರಾಣಿ ಬಂದು ಮೊರೆಯಿಡುವ ಗುಡಿ ಅದು. ದೇವಿಯೂ ಪ್ಲಾಸ್ಟರಿನವಳೇ, ಹಿಂದೆ ಸರಿದು ನೋಡಿದರೆ ಬೆನ್ನೇ ಇಲ್ಲ, ಬರಿಯ ಗಳ ಮತ್ತು ಹಗ್ಗ. ಆದರೆ ಮುಂದೆ ನಿಂತರೆ ಯಾರಿಗೂ ಹಾಗೆ ಅನ್ನಿಸುವುದಿಲ್ಲ. ಸುತ್ತಲ ಹಳ್ಳಿಯ ಹೆಂಗಸರು ಆಗಲೇ ಅರಿಶಿನ ಕುಂಕುಮ ಮೆತ್ತಿ, ಬೇವಿನ ಸೊಪ್ಪು ಸಿಕ್ಕಿಸಿ, ದೀಪ ಹಚ್ಚಿ, ಮೆಟ್ಟಿಲ ಕೆಳಗೆ ಮೆಟ್ಟು ಬಿಟ್ಟು ಸಾಲಾಗಿ ನಿಂತಿದ್ದರು. ಆ ಸಾಲಿನಲ್ಲಿ ನಿಮ್ಮಪ್ಪ, ತಲೆಯ ವಸ್ತ್ರ ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಎರಡು ಕೈಯೂ ಜೋಡಿಸಿ ನಿಂತಿದ್ದಾರೆ. ಫಖ್ರುನ್ನೀಸಾ ಕಿಸಕ್ಕೆಂದಳು. ನಾನು ಅವಳ ಕೈ ಚಿವುಟಿದೆ.

ವಾಪಸು ಬರುವಾಗ ನಿಮ್ಮಪ್ಪನ ಕಾಲಲ್ಲಿ ಮೆಟ್ಟು ಇಲ್ಲ. ಕೇಳಿದರೆ, “ಯಾವನೋ ಒಡ್ಕೊಂಡೋದ, ಓಗ್ಲಿ ಬುಡು” ಎಂದರು. ಒಂದು ಚಮಚ ಕಳೆದರೆ ಮನೆ ಮೇಲೆ ಕೆಳಗೆ ಮಾಡುವ ಮನುಷ್ಯ. ದಾರಿಯುದ್ದಕ್ಕೂ ನಾನು ಕಿರೀಟದ ಮಾತಾಡಿದೆ, ಫಖ್ರುನ್ನೀಸಾ ತೊಟ್ಟಿಲಿನ ಮಾತಾಡಿದಳು, ರಹಮತುಲ್ಲಾ ಸಾಹೇಬರು ಅರಮನೆಯ ಮುಂದೆ ನಿಲ್ಲಿಸಿದ್ದ ಮರದ ಕುದುರೆಗಿಂತ ನಮ್ಮ ಕುದುರೆ ಏನು ಕಡಿಮೆ ಎಂದು ಕೊರಗಿದರು. ನಿಮ್ಮಪ್ಪ ತಿರುಗಿ ತಿರುಗಿ ಗೋಪುರದ ಕಡೆ ನೋಡುತ್ತಿದ್ದರು. ಒಂದು ಸಲವೂ ಬೈಯಲಿಲ್ಲ.

ಬರುವ ಯುಗಾದಿಗೆ ನೀನು ಮನೆ ಬಿಟ್ಟು ಎರಡು ವರ್ಷ. ಅವರು ಅಷ್ಟು ಓಡಾಡಿ ಶೆಡ್ಡಿನಲ್ಲಿ ಕೆಲಸ ಗೊತ್ತು ಮಾಡಿದ ದಿನವೇ ನೀನು ಮ್ಯಾಟ್ನಿಗೆ ಹೋದದ್ದು ತಪ್ಪು. ಜೊತೆಗೆ ನಾನೂ ಹೋದದ್ದು ಇನ್ನೂ ದೊಡ್ಡ ತಪ್ಪು. “ಸಿನಿಮಾನೇ ನಿನ್ನಪ್ಪ ಆದ್ರೆ ಅಲ್ಲೇ ಓಗಿ ಉಣ್ಣು” ಎಂದು ಅವರು ಅಂದದ್ದು ಮಾತ್ರ ಬಾಯಿ ಜಾರಿ ಬಂದದ್ದು. ನೀನು ಅದನ್ನೇ ಹಿಡಿದು ಮದ್ರಾಸ್ ರೈಲು ಹತ್ತಿದೆ. ಪ್ರತಿ ಕಾಗದದ ಕೊನೆಗೂ, ಅಪ್ಪ ಕರೆದರೆ ಬರುತ್ತೇನೆ ಎಂದು ಬರೆಯುತ್ತೀಯ. ಅವರು, ತಾನಾಗಿ ಬಂದರೆ ಬರಲಿ ಎನ್ನುತ್ತಾರೆ. ಇಬ್ಬರೂ ಒಂದೇ ಅಚ್ಚಿನಲ್ಲಿ ಹೊಯ್ದ ಗೊಂಬೆಗಳು, ನಡುವೆ ನಾನು.

ಹೊತ್ತಿಗೆ ಸರಿಯಾಗಿ ಉಣ್ಣು. ಏಣಿ ಹತ್ತುವಾಗ ಕೆಳಗೆ ಒಬ್ಬರಿಗೆ ಹಿಡಿದುಕೊಳ್ಳಲು ಹೇಳು. ಫಖ್ರುನ್ನೀಸಾಳೂ ರಹಮತುಲ್ಲಾ ಸಾಹೇಬರೂ ನಿನ್ನನ್ನು ಕೇಳಿದರೆಂದು ಬರೆಯಲು ಹೇಳಿದ್ದಾರೆ. ನಿನ್ನ ಕೈಗೆ ಹಿಡಿದ ಕೆಲಸ ಒಲಿಯಲಿ, ನೂರು ಕಾಲ ಬಾಳು.

ನಿನ್ನ ಅಮ್ಮ,
ರಾಮಲಕ್ಷ್ಮಮ್ಮ

ತಾ. ಕ.: ನಿಮ್ಮಪ್ಪ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದಾರೆ. ಈ ಕಾಗದ ಸ್ಟೇಷನ್ ಡಬ್ಬಕ್ಕೆ ಹಾಕುವವರೂ ಅವರೇ, ಬರುವುದರೊಳಗೆ ಅಂಟಿಸಬೇಕು. ಮೆಟ್ಟನ್ನು ಯಾರೂ ಕದ್ದಿಲ್ಲ, ಗುಡಿಯ ಮುಂದೆ ಅವರೇ ಬಿಟ್ಟು ಬಂದರು. ನಾನು ಅವರ ಬೆನ್ನ ಹಿಂದೆಯೇ ನಿಂತು ಕೇಳಿಸಿಕೊಂಡೆ. “ತಾಯೀ, ನನ್ ಮಗ ಮನೀಗೆ ಬರಾಗಂಟ ಕಾಲಿಗೆ ಮೆಟ್ಟು ಮೆಟ್ಟಾಕಿಲ್ಲ. ಬಂದೇಟ್ಗೆ ನಿನ್ ಮುಂದೇನೇ ಕರ್ಕಂಡ್ ಬಂದು ಕಾಯಿ ಒಡೀತೀನಿ” ಎಂದು ಹರಕೆ ಹೊತ್ತರು. ಹೊತ್ತ ಹರಕೆ ಬಾಯಿಬಿಟ್ಟು ಹೇಳಬಾರದೆಂದು ನನಗೆ ಕಳ್ಳತನದ ಕಥೆ ಕಟ್ಟಿದರು. ಆರು ದಿನದಿಂದ ಶೆಡ್ಡಿನ ಜಲ್ಲಿಯ ಮೇಲೆ, ಇದ್ದಿಲ ಬೂದಿಯ ಮೇಲೆ ಬರಿಗಾಲು. ನಿನ್ನೆ ಹಿಮ್ಮಡಿಯಿಂದ ಗಾಜಿನ ಚೂರು ತೆಗೆದೆ, ಹ್ಞೂಂ ಅನ್ನಲಿಲ್ಲ. ಅದು ಪ್ಲಾಸ್ಟರ್ ದೇವಿ, ಬೆನ್ನಿಲ್ಲದವಳು ಎಂದು ಹೇಳಲು ಎರಡು ಸಲ ಬಾಯಿ ತೆರೆದೆ, ಅವರ ಮುಖ ನೋಡಿ ಮುಚ್ಚಿಕೊಂಡೆ. ಒಂದು ದೇವರಿಗೆ ಹೊತ್ತದ್ದು ಇನ್ನೊಂದು ದೇವರಿಗೆ ಸಲ್ಲುವುದಿಲ್ಲ ಎನ್ನುವವರು ಅವರು. ಸಂಕ್ರಾಂತಿಯ ಮಾರನೆಯ ದಿನ ಅವಳನ್ನು ಲಾರಿಗೆ ಹಾಕಿಬಿಟ್ಟರೆ ಕಾಯಿ ಯಾರ ಮುಂದೆ ಒಡೆಯುತ್ತಾರೆ, ಮೆಟ್ಟು ಯಾವಾಗ ಮೆಟ್ಟುತ್ತಾರೆ? ಅಪ್ಪ ಕರೆದರೆ ಬರುತ್ತೇನೆ ಎಂದೆಯಲ್ಲ, ಇನ್ನು ಹೇಗೆ ಕರೆಯಬೇಕು ಮಗನೇ? ಅಂಥ ದೇವರನ್ನು ಮಾಡುವವನು ನೀನೇ. ಅವಳು ಟೊಳ್ಳೋ ಗಟ್ಟಿಯೋ ನೀನೇ ಬಂದು ತಟ್ಟಿ ಹೇಳು. ಅವರು ಮಧ್ಯಾಹ್ನ ಮಲಗಿದ್ದಾಗ ಪಾದದ ಅಳತೆ ತೆಗೆದ ದಾರವನ್ನು ಇದರೊಳಗೆ ಮಡಿಸಿ ಇಟ್ಟಿದ್ದೇನೆ, ಬೀಳಿಸಿಕೊಳ್ಳಬೇಡ. ಬರುವಾಗ ಆ ಅಳತೆಗೆ ಒಂದು ಜೊತೆ ಮೆಟ್ಟು ತಾ.